ಮೋಲಾರ್ ಗರ್ಭ, ಗರ್ಭನಂಜು, ಕ್ಯಾನ್ಸರ್: ಇವುಗಳ ನಂಟು ಎಲ್ಲಿದೆ?

ಪ್ರಶ್ನೆ: ನನಗೆ 29 ವರ್ಷ. ಎರಡು ತಿಂಗಳ ಹಿಂದೆ, ಗರ್ಭ ಧರಿಸಿ ಹತ್ತು ವಾರಗಳಾಗಿದ್ದಾಗ ರಕ್ತಸ್ರಾವವಾಯಿತು. ಸ್ಕ್ಯಾನಿಂಗ್‌ನಲ್ಲಿ ಮಗು ಇಲ್ಲ, ಇದು ಮೋಲಾರ್ ಗರ್ಭ ಎಂದು ತಿಳಿದು ಗರ್ಭಕೋಶವನ್ನು ಸ್ವಚ್ಛಗೊಳಿಸಿದರು. ಬಯಾಪ್ಸಿ ವರದಿಯಲ್ಲಿ 'ಕಂಪ್ಲೀಟ್ ಮೋಲ್' ಎಂದಿದೆ. ಪ್ರತಿ ವಾರ ಎಚ್‌ಸಿಜಿ ರಕ್ತಪರೀಕ್ಷೆ ಮಾಡಿಸಬೇಕು, ಅದು ಇಳಿಯದಿದ್ದರೆ ಕೀಮೋಥೆರಪಿ ಬೇಕಾಗಬಹುದು ಎಂದಿದ್ದಾರೆ. ಮಗುವಿಗಾಗಿ ಕಾದಿದ್ದವಳ ಎದುರು ಕ್ಯಾನ್ಸರಿನ ಮಾತು ಏಕೆ ಬಂತು? ಸ್ತ್ರೀಯರ ಕ್ಯಾನ್ಸರ್‌ಗಳನ್ನೂ, ಗರ್ಭಿಣಿಯರ ರಕ್ತದೊತ್ತಡ ಏರಿಸುವ ಗರ್ಭನಂಜನ್ನೂ ಒಂದೇ ಸಂಶೋಧನಾ ತಂಡಗಳು ಅಧ್ಯಯನ ಮಾಡುತ್ತವೆ ಎಂದು ಓದಿದೆ. ಇವೆರಡಕ್ಕೂ ಏನು ಸಂಬಂಧ? ಮುಂದಿನ ಸಲ ನನಗೆ ನಂಜು ಬರುತ್ತದೆಯೇ? ನನ್ನ ಅಕ್ಕನಿಗೆ ಗರ್ಭಕಂಠದಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಇದೆಯೆಂದು ಚಿಕಿತ್ಸೆ ಮಾಡಿದ್ದರು. ಆಮೇಲೆ ಅವಳಿಗೆ ಎಂಟನೇ ತಿಂಗಳಲ್ಲೇ ಹೆರಿಗೆಯಾಯಿತು. ಅದೂ ಇದೇ ನಂಟೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ಅವುಗಳಲ್ಲಿ ನಿದ್ದೆಗೆಡಿಸುತ್ತಿರುವುದು ಮೊದಲನೆಯದು ಎಂದು ಭಾವಿಸಿ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಕಂಪ್ಲೀಟ್ ಮೋಲ್ ಆದ ನೂರು ಮಹಿಳೆಯರಲ್ಲಿ 80ರಿಂದ 85 ಮಂದಿಗೆ ಗರ್ಭಕೋಶ ಸ್ವಚ್ಛಗೊಳಿಸುವುದೇ ಸಂಪೂರ್ಣ ಚಿಕಿತ್ಸೆ. ಅವರಿಗೆ ಮುಂದೆ ಔಷಧವಿಲ್ಲ, ರಕ್ತಪರೀಕ್ಷೆ ಮಾತ್ರ ಇರುತ್ತದೆ. ಉಳಿದ 15ರಿಂದ 20 ಮಂದಿಯಲ್ಲಿ ಆ ಅಂಗಾಂಶದ ಕೆಲವು ಕೋಶಗಳು ಗರ್ಭಕೋಶದ ಗೋಡೆಯಲ್ಲಿ ಉಳಿದು ಮತ್ತೆ ಬೆಳೆಯತೊಡಗುತ್ತವೆ. ಕೀಮೋಥೆರಪಿ ಬೇಕಾಗುವುದು ಇವರಿಗೆ. ಇವರಲ್ಲಿ ಬಹುಪಾಲು ಮಂದಿ ಕಡಿಮೆ ಅಪಾಯದ ಗುಂಪಿಗೆ ಸೇರುತ್ತಾರೆ, ಮತ್ತು ಆ ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಗುಣವಾಗುತ್ತಾರೆ, ಸಾಮಾನ್ಯವಾಗಿ ಗರ್ಭಕೋಶವನ್ನೂ ಮುಂದೆ ತಾಯಿಯಾಗುವ ಅವಕಾಶವನ್ನೂ ಉಳಿಸಿಕೊಂಡೇ. ಕ್ಯಾನ್ಸರ್ ಎಂಬ ಪದವನ್ನು ಕೇಳಿದಾಗ ನಮ್ಮ ಮನಸ್ಸಿಗೆ ಬರುವ ಚಿತ್ರಕ್ಕೂ ಈ ಕಾಯಿಲೆಗೂ ಬಹಳ ಅಂತರವಿದೆ. ಆ ಅಂತರ ಉಳಿದಿರುವುದು ವಾರವಾರದ ಪರೀಕ್ಷೆಯನ್ನು ತಪ್ಪಿಸದಿರುವುದರಿಂದ ಎಂಬುದನ್ನೂ ಜೊತೆಗೇ ಹೇಳಬೇಕು.

ಮಗುವಿಗಾಗಿ ಕಾದಿದ್ದವರಿಗೆ 'ಅಲ್ಲಿ ಮಗುವೇ ಇರಲಿಲ್ಲ' ಎಂಬ ಮಾತು ಸಮಾಧಾನ ತರುವುದಿಲ್ಲ ಎಂದು ಬಲ್ಲೆ. ಆದರೂ ಏನು ನಡೆಯಿತು ಎಂಬುದನ್ನು ಅರಿಯದೆ ಮುಂದಿನದು ಅರ್ಥವಾಗದು. ಗರ್ಭ ಕಟ್ಟಿದ ಕೆಲವೇ ದಿನಗಳಲ್ಲಿ ಭ್ರೂಣದ ಕೋಶಗಳು ಎರಡು ದಾರಿ ಹಿಡಿಯುತ್ತವೆ: ಒಳಗಿನವು ಮಗುವಾಗುತ್ತವೆ, ಹೊರಗಿನವು ಜರಾಯು, ಅಂದರೆ ನಾವು ಮಾಸು ಎನ್ನುವ ಅಂಗ, ಆಗುತ್ತವೆ. ಈ ಹೊರಗಿನ ಕೋಶಗಳಿಗೆ ಟ್ರೋಫೋಬ್ಲಾಸ್ಟ್ ಎಂದು ಹೆಸರು. ಕಂಪ್ಲೀಟ್ ಮೋಲ್‌ನಲ್ಲಿ ಅಂಡಾಣುವಿನ ಕಡೆಯ ವರ್ಣತಂತುಗಳು ಇರುವುದೇ ಇಲ್ಲ. ಒಂದು ವೀರ್ಯಾಣು ಒಳಹೊಕ್ಕು ತನ್ನ ವರ್ಣತಂತುಗಳನ್ನು ಇಮ್ಮಡಿ ಮಾಡಿಕೊಳ್ಳುತ್ತದೆ. ಕೆಲವೊಮ್ಮೆ ಎರಡು ವೀರ್ಯಾಣುಗಳು ಸೇರಿರುತ್ತವೆ. ಎಣಿಸಿದರೆ 46 ವರ್ಣತಂತುಗಳು ಸರಿಯಾಗಿಯೇ ಇರುತ್ತವೆ, ಆದರೆ ಅವೆಲ್ಲವೂ ತಂದೆಯ ಕಡೆಯವು. ಈ ವಿಚಿತ್ರವನ್ನು ಕಜೀಯಿ ಮತ್ತು ಒಹಾಮಾ ಎಂಬ ಜಪಾನಿನ ವಿಜ್ಞಾನಿಗಳು 1977ರಲ್ಲಿ ತೋರಿಸಿಕೊಟ್ಟರು. ತಾಯಿಯ ಪಾಲಿನ ವಂಶವಾಹಿಗಳು ಹಾಕಬೇಕಾದ ಕಡಿವಾಣ ಇಲ್ಲವಾದಾಗ ಮಗು ರೂಪುಗೊಳ್ಳುವುದಿಲ್ಲ, ಜರಾಯುವಿನ ಅಂಗಾಂಶ ಮಾತ್ರ ದ್ರಾಕ್ಷಿ ಗೊಂಚಲಿನಂತೆ ಉಬ್ಬಿ ಬೆಳೆಯುತ್ತದೆ. ಪಾರ್ಷಿಯಲ್ ಮೋಲ್ ಎಂಬ ಇನ್ನೊಂದು ಬಗೆಯಲ್ಲಿ ಒಂದು ಅಂಡಾಣುವಿಗೆ ಎರಡು ವೀರ್ಯಾಣುಗಳ ಪಾಲು ಸೇರಿ ವರ್ಣತಂತುಗಳು 69 ಆಗುತ್ತವೆ. ಅಲ್ಲಿ ಕೋಶಗಳು ಉಳಿದು ಬೆಳೆಯುವ ಸಾಧ್ಯತೆ ಬಹಳ ಕಡಿಮೆ. ನೀವು ತಿಂದದ್ದು, ಮಾಡಿದ್ದು, ಹೊತ್ತ ಭಾರ ಯಾವುದೂ ಇದಕ್ಕೆ ಕಾರಣವಲ್ಲ. ಇದು ಗರ್ಭಧಾರಣೆಯ ಕ್ಷಣದಲ್ಲೇ ಆಗಿಹೋದ ಆಕಸ್ಮಿಕ.

ಎಚ್‌ಸಿಜಿ ಎಂಬುದು ಈ ಟ್ರೋಫೋಬ್ಲಾಸ್ಟ್ ಕೋಶಗಳು ತಯಾರಿಸುವ ಹಾರ್ಮೋನು. ಮನೆಯಲ್ಲಿ ಮೂತ್ರ ಪರೀಕ್ಷಿಸಿ ಗರ್ಭಿಣಿ ಎಂದು ತಿಳಿಯುವುದೂ ಅದರಿಂದಲೇ. ದೇಹದಲ್ಲಿ ಆ ಕೋಶಗಳು ಎಷ್ಟು ಉಳಿದಿವೆ ಎಂಬುದನ್ನು ರಕ್ತದಲ್ಲಿನ ಎಚ್‌ಸಿಜಿ ನೇರವಾಗಿ ಹೇಳಿಬಿಡುತ್ತದೆ. ಬೇರೆ ಯಾವ ಕ್ಯಾನ್ಸರಿನಲ್ಲೂ ವೈದ್ಯರ ಕೈಯಲ್ಲಿ ಇಷ್ಟು ನಿಖರವಾದ ಅಳತೆಗೋಲು ಇಲ್ಲ ಎಂದರೆ ಉತ್ಪ್ರೇಕ್ಷೆಯಾಗದು. ನಿಮ್ಮ ವರದಿಗಳಲ್ಲಿ ನೋಡಬೇಕಾದ್ದು ಒಂದೊಂದು ಅಂಕಿಯನ್ನಲ್ಲ, ಇಳಿಜಾರನ್ನು. ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ, ಇಳಿಕೆ ನಿಧಾನವಾಗಿದ್ದರೂ, ಕಾಯಬಹುದು. ಮೂರು ವಾರಗಳ ಅವಧಿಯಲ್ಲಿ ನಾಲ್ಕು ಪರೀಕ್ಷೆಗಳು ಒಂದೇ ಮಟ್ಟದಲ್ಲಿ ನಿಂತರೆ, ಅಥವಾ ಎರಡು ವಾರಗಳಲ್ಲಿ ಮಾಡಿದ ಮೂರು ಪರೀಕ್ಷೆಗಳಲ್ಲಿ ಏರುತ್ತ ಹೋದರೆ, ಕೋಶಗಳು ಉಳಿದು ಬೆಳೆಯುತ್ತಿವೆ ಎಂದು ನಿರ್ಧರಿಸಲಾಗುತ್ತದೆ. ಇದಕ್ಕೆ ಮತ್ತೊಮ್ಮೆ ಬಯಾಪ್ಸಿ ಬೇಕಾಗಿಲ್ಲ. ಈ ಗಡ್ಡೆಗಳಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ ಚುಚ್ಚಿ ತೆಗೆಯಲು ಹೋದರೆ ತಡೆಯಲಾಗದ ರಕ್ತಸ್ರಾವವಾಗುವ ಅಪಾಯವಿದೆ. ಬಯಾಪ್ಸಿ ಇಲ್ಲದೆ ಕೀಮೋಥೆರಪಿ ಆರಂಭಿಸುವ ಅಪರೂಪದ ಕ್ಯಾನ್ಸರ್ ಇದು. ಆದ್ದರಿಂದ ಅಂಥ ಸಂದರ್ಭ ಬಂದು ವೈದ್ಯರು ಬಯಾಪ್ಸಿ ಬೇಡವೆಂದರೆ ಅದನ್ನು ಉದಾಸೀನ ಎಂದು ತಿಳಿಯಬೇಡಿ.

ಎಚ್‌ಸಿಜಿ ಸಹಜ ಮಟ್ಟಕ್ಕೆ ಬಂದ ಮೇಲೂ ಕಂಪ್ಲೀಟ್ ಮೋಲ್ ಆದವರು ಆರು ತಿಂಗಳ ಕಾಲ ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಈಗಿನ ರೂಢಿ. ಸಹಜಕ್ಕೆ ಬಂದ ನಂತರ ಕಾಯಿಲೆ ಕಾಣಿಸಿಕೊಳ್ಳುವ ಸಂಭವ ಸುಮಾರು 400 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಆ ಒಬ್ಬರು ಯಾರೆಂದು ಮೊದಲೇ ಹೇಳಲು ದಾರಿಯಿಲ್ಲದ್ದರಿಂದ ಎಲ್ಲರಿಗೂ ಈ ಆರು ತಿಂಗಳು.

ಕೀಮೋಥೆರಪಿ ಬೇಕಾದರೆ ಮೊದಲು ಬರುವುದು ಮೆಥೊಟ್ರೆಕ್ಸೇಟ್. ಇದರ ಹಿಂದಿನ ಕಥೆಯನ್ನು ನಿಮಗೆ ಹೇಳಲೇಬೇಕು, ಏಕೆಂದರೆ ನಿಮ್ಮ ವಾರವಾರದ ಪರೀಕ್ಷೆಯ ತರ್ಕ ಅಲ್ಲಿಂದಲೇ ಹುಟ್ಟಿದ್ದು. ಟ್ರೋಫೋಬ್ಲಾಸ್ಟ್ ಕೋಶಗಳ ಅತ್ಯಂತ ಉಗ್ರ ರೂಪವಾದ ಕೋರಿಯೋಕಾರ್ಸಿನೋಮಾ ಒಂದು ಕಾಲದಲ್ಲಿ ಶ್ವಾಸಕೋಶಕ್ಕೆ ಹರಡಿದರೆ ಹೆಚ್ಚುಕಡಿಮೆ ಮರಣಶಾಸನವೇ ಆಗಿತ್ತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿದ್ದ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಸ್ 1956ರಲ್ಲಿ ಮೆಥೊಟ್ರೆಕ್ಸೇಟ್‌ನಿಂದ ಅದು ಕರಗುವುದನ್ನು ವರದಿ ಮಾಡಿದರು. ಔಷಧದಿಂದ ಮಾತ್ರವೇ ಗುಣವಾದ ಮೊದಲ ಗಡ್ಡೆ ರೂಪದ ಕ್ಯಾನ್ಸರ್ ಇದೇ. ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು: ಎಕ್ಸ್‌ರೇಯಲ್ಲಿ ಗಡ್ಡೆ ಮಾಯವಾಗಿ ರೋಗಿ ಚೇತರಿಸಿಕೊಂಡಂತೆ ಕಂಡರೂ ಹಾರ್ಮೋನು ಉಳಿದಿದ್ದರೆ ಕೋಶಗಳೂ ಉಳಿದಿವೆ ಎಂದರ್ಥ, ಆದ್ದರಿಂದ ಅದು ಇಲ್ಲವಾಗುವವರೆಗೆ ಔಷಧ ಕೊಡಬೇಕು ಎಂದು ಪಟ್ಟು ಹಿಡಿದರು. ಆರೋಗ್ಯವಾಗಿ ಕಾಣುವ ರೋಗಿಗೆ ವಿಷದಂಥ ಔಷಧವನ್ನು ಮುಂದುವರಿಸುವುದು ಅಂದಿನ ಹಿರಿಯರಿಗೆ ಅತಿರೇಕವೆನಿಸಿತು, ಲಿ ಕೆಲಸ ಕಳೆದುಕೊಂಡರು. ಔಷಧವನ್ನು ಬೇಗ ನಿಲ್ಲಿಸಿದವರಲ್ಲಿ ಕಾಯಿಲೆ ಮರಳಿ ಬಂದಾಗ ಅವರ ಮಾತೇ ಸರಿಯೆಂದು ಸಾಬೀತಾಯಿತು. 1972ರಲ್ಲಿ ಅವರಿಗೂ ಹರ್ಟ್ಸ್ ಅವರಿಗೂ ಲಾಸ್ಕರ್ ಪ್ರಶಸ್ತಿ ಸಂದಿತು. ಇಂದಿಗೂ ಎಚ್‌ಸಿಜಿ ಸಹಜಕ್ಕೆ ಬಂದ ಮೇಲೆ ಇನ್ನೂ ಕೆಲವು ವಾರ ಚಿಕಿತ್ಸೆ ಮುಂದುವರಿಸುವುದು ಆ ಪಾಠದಿಂದಲೇ.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರೋಣ. ಕ್ಯಾನ್ಸರಿಗೂ ಗರ್ಭನಂಜಿಗೂ ಏನು ಸಂಬಂಧ ಎಂದು ನೀವು ಕೇಳಿದ್ದೀರಿ. ಅದಕ್ಕೂ ಮೊದಲು, ಮಗುವನ್ನು ಹೊತ್ತು ತರುವ ಅಂಗದಿಂದ ಕ್ಯಾನ್ಸರ್ ಹುಟ್ಟುವುದು ಹೇಗೆ ಎಂಬ ಅಚ್ಚರಿ ಮೂಡುವುದು ಸಹಜ. ಆರೋಗ್ಯವಂತ ಗರ್ಭದಲ್ಲಿ ಜರಾಯು ಮಾಡುವ ಕೆಲಸವನ್ನು ಹತ್ತಿರದಿಂದ ನೋಡಿದ ಸಂಶೋಧಕರಿಗೆ ಅಚ್ಚರಿಯಾಗುವುದು ಇದಕ್ಕೆ ತದ್ವಿರುದ್ಧವಾದ ವಿಷಯದಲ್ಲಿ: ಇಂಥ ಕೋಶಗಳು ಇಷ್ಟು ಅಪರೂಪಕ್ಕೆ ಮಾತ್ರ ಕ್ಯಾನ್ಸರ್ ಆಗುವುದಾದರೂ ಹೇಗೆ? ಟ್ರೋಫೋಬ್ಲಾಸ್ಟ್ ಕೋಶಗಳು ವೇಗವಾಗಿ ವೃದ್ಧಿಯಾಗುತ್ತವೆ, ಗರ್ಭಕೋಶದ ಒಳಪದರವನ್ನು ಕರಗಿಸುವ ಕಿಣ್ವಗಳನ್ನು ಸ್ರವಿಸಿ ಒಳನುಗ್ಗುತ್ತವೆ, ಸ್ನಾಯುವಿನ ಒಳಭಾಗದ ಮೂರನೇ ಒಂದು ಪಾಲಿನವರೆಗೆ ಸಾಗುತ್ತವೆ, ಅಲ್ಲಿನ ಸುರುಳಿ ರಕ್ತನಾಳಗಳ ಗೋಡೆಗಳನ್ನು ಒಡೆದು ಅಗಲವಾದ ಕಾಲುವೆಗಳನ್ನಾಗಿ ಮಾಡುತ್ತವೆ, ಅರ್ಧ ಹೊರಗಿನವರದಾದ ತಮ್ಮ ಗುರುತನ್ನು ತಾಯಿಯ ರೋಗನಿರೋಧಕ ವ್ಯವಸ್ಥೆಯಿಂದ ಮರೆಮಾಚಿಕೊಳ್ಳುತ್ತವೆ. ಇವುಗಳಲ್ಲಿ ಒಂದೊಂದೂ ಕ್ಯಾನ್ಸರಿನ ಲಕ್ಷಣವೇ. ಎಡಿನ್‌ಬರೋದಲ್ಲಿದ್ದ ಭ್ರೂಣವಿಜ್ಞಾನಿ ಜಾನ್ ಬಿಯರ್ಡ್ ಈ ಹೋಲಿಕೆಯನ್ನು 1902ರಲ್ಲೇ ಎತ್ತಿ ಹೇಳಿದ್ದರು. ಅದರಿಂದ ಅವರು ಕಟ್ಟಿದ ಚಿಕಿತ್ಸೆಯ ವಾದ ನಿಲ್ಲಲಿಲ್ಲ, ಗಮನಿಸಿದ ಹೋಲಿಕೆ ಮಾತ್ರ ನಿಂತಿತು. ವ್ಯತ್ಯಾಸವಿರುವುದು ನಿಲ್ಲುವುದರಲ್ಲಿ. ಜರಾಯುವಿನ ಕೋಶ ತಾನು ಎಲ್ಲಿಯವರೆಗೆ ಹೋಗಬೇಕೋ ಅಲ್ಲಿಯವರೆಗೆ ಹೋಗಿ, ಗರ್ಭದ ಅರ್ಧ ಅವಧಿ ಮುಗಿಯುವಷ್ಟರಲ್ಲಿ ನಿಲ್ಲುತ್ತದೆ. ಕ್ಯಾನ್ಸರಿನ ಕೋಶ ನಿಲ್ಲುವುದಿಲ್ಲ.

ಈ ಪಯಣ ಬೇಗ ನಿಂತುಬಿಟ್ಟರೆ ಆಗುವುದೇ ಗರ್ಭನಂಜು, ವೈದ್ಯರ ಮಾತಿನಲ್ಲಿ ಪ್ರೀಎಕ್ಲಾಂಪ್ಸಿಯಾ. ಅದರ ಎಲ್ಲ ಪ್ರಕರಣಗಳೂ ಹೀಗೆಯೇ ಆಗುತ್ತವೆ ಎನ್ನಲಾಗದು, ತೀರಾ ಮುಂಚಿತವಾಗಿ ಬರುವ ಉಗ್ರ ರೂಪಕ್ಕೆ ಈ ವಿವರಣೆ ಚೆನ್ನಾಗಿ ಹೊಂದುತ್ತದೆ. ಸುರುಳಿ ರಕ್ತನಾಳಗಳು ಅಗಲವಾಗದೆ ಕಿರಿದಾಗಿಯೇ ಉಳಿದಾಗ ಜರಾಯುವಿಗೆ ರಕ್ತ ಸಾಲದು. ಹಸಿದ ಜರಾಯು ತಾಯಿಯ ರಕ್ತಕ್ಕೆ ಕೆಲವು ಪ್ರೋಟೀನ್‌ಗಳನ್ನು ಹೆಚ್ಚಾಗಿ ಬಿಡುತ್ತದೆ. ತಾಯಿಯ ರಕ್ತದೊತ್ತಡ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ, ಯಕೃತ್ತು, ಮೂತ್ರಪಿಂಡ, ಮಿದುಳು ತೊಂದರೆಗೊಳಗಾಗುತ್ತವೆ. ಜಗತ್ತಿನಲ್ಲಿ ನೂರು ಗರ್ಭಗಳಲ್ಲಿ 2ರಿಂದ 8ರಷ್ಟನ್ನು ಇದು ಕಾಡುತ್ತದೆ. ಇದಕ್ಕೆ ಮಗು ಬೇಕಾಗಿಲ್ಲ, ಜರಾಯು ಇದ್ದರೆ ಸಾಕು. ಅದಕ್ಕೆ ಸಾಕ್ಷಿ ನಿಮ್ಮ ಕಾಯಿಲೆಯೇ. ಮಗುವೇ ಇಲ್ಲದ ಮೋಲಾರ್ ಗರ್ಭದಲ್ಲೂ ನಂಜು ಬರುತ್ತದೆ, ಅದೂ 20 ವಾರಗಳಿಗೆ ಮುಂಚೆಯೇ. ಅಷ್ಟು ಬೇಗ ನಂಜು ಕಾಣಿಸಿಕೊಂಡರೆ ಮೋಲ್ ಇರಬಹುದೇ ಎಂದು ನೋಡಬೇಕೆಂಬುದು ಪ್ರಸೂತಿ ವೈದ್ಯರ ಹಳೆಯ ಪಾಠ.

ಕ್ಯಾನ್ಸರ್ ಸಂಶೋಧನೆ ಮತ್ತು ಗರ್ಭದ ಸಂಶೋಧನೆ ನಿಜವಾಗಿ ಕೈಕುಲುಕಿದ್ದು ಇಲ್ಲಿ. ಗಡ್ಡೆ ಬೆಳೆಯಬೇಕಾದರೆ ಹೊಸ ರಕ್ತನಾಳಗಳು ಬೇಕು, ಅದಕ್ಕಾಗಿ ಅದು ವಿಇಜಿಎಫ್ ಎಂಬ ಪ್ರೋಟೀನನ್ನು ಬಳಸುತ್ತದೆ. ಅದನ್ನು ಅಡಗಿಸಿದರೆ ಗಡ್ಡೆ ಹಸಿವಿನಿಂದ ಸೊರಗುತ್ತದೆ ಎಂಬ ಯೋಚನೆಯಿಂದ ಬಂದ ಔಷಧ ಬೆವಸಿಜುಮ್ಯಾಬ್. ಇದನ್ನು ಪಡೆದ ಹಲವು ರೋಗಿಗಳಲ್ಲಿ ರಕ್ತದೊತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡಿತು. ಗಂಡಸರಲ್ಲೂ! ಪ್ರಸೂತಿ ತಜ್ಞರಿಗೆ ಇದು ಎಲ್ಲೋ ಕಂಡ ಮುಖದಂತೆ ತೋರಿತು. ಅತ್ತ 2003ರಲ್ಲಿ ಅನಂತ್ ಕರುಮಾಂಚಿ ಮತ್ತು ಶಾರನ್ ಮೇನಾರ್ಡ್ ಅವರ ತಂಡ ಗರ್ಭನಂಜು ಇರುವವರ ಜರಾಯು ಎಸ್‌ಫ್ಲಿಟ್-1 ಎಂಬ ಪ್ರೋಟೀನನ್ನು ಮಿತಿಮೀರಿ ಬಿಡುತ್ತದೆಂದು ತೋರಿಸಿತ್ತು. ಅದರ ಕೆಲಸವೂ ಇದೇ: ತಾಯಿಯ ರಕ್ತದಲ್ಲಿನ ವಿಇಜಿಎಫ್ ಅನ್ನೂ, ಅದರ ದಾಯಾದಿಯಾದ ಪಿಎಲ್‌ಜಿಎಫ್ ಅನ್ನೂ ಹಿಡಿದಿಟ್ಟುಕೊಳ್ಳುವುದು. ಇಲಿಗಳಿಗೆ ಇದನ್ನು ಕೊಟ್ಟಾಗ ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನ್ ಸೋರಿತು, ಮೂತ್ರಪಿಂಡದಲ್ಲಿ ನಂಜಿಗೇ ವಿಶಿಷ್ಟವಾದ ಬದಲಾವಣೆಗಳಾದವು. ಅಂದರೆ ನಂಜಿನಲ್ಲಿ ಜರಾಯು ತಾನೇ ಒಂದು ಬಗೆಯ ಕ್ಯಾನ್ಸರ್ ಔಷಧವನ್ನು ತಯಾರಿಸಿ ತಾಯಿಗೆ ಅತಿಯಾಗಿ ಉಣಿಸುತ್ತಿರುತ್ತದೆ ಎನ್ನಬಹುದು.

ಇದರ ಫಲ ಎರಡೂ ಕಡೆಗೆ ದೊರೆಯಿತು. ಮರುಕಳಿಸಿದ ಇಲ್ಲವೇ ಹರಡಿದ ಗರ್ಭಕಂಠದ ಕ್ಯಾನ್ಸರಿನಲ್ಲಿ ಕೀಮೋಥೆರಪಿಯ ಜೊತೆ ಬೆವಸಿಜುಮ್ಯಾಬ್ ಸೇರಿಸಿದಾಗ ಸರಾಸರಿ ಬದುಕಿನ ಅವಧಿ 13.3 ತಿಂಗಳಿಂದ 17 ತಿಂಗಳಿಗೆ ಏರಿತೆಂದು 2014ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿತು. ಅಂಕಿ ಚಿಕ್ಕದೆನಿಸಬಹುದು, ಆ ಹಂತದ ಕಾಯಿಲೆಯಲ್ಲಿ ಅದು ಚಿಕ್ಕದಲ್ಲ. ಗರ್ಭದ ಕಡೆಗೆ ದೊರೆತದ್ದು ಒಂದು ರಕ್ತಪರೀಕ್ಷೆ. ಎಸ್‌ಫ್ಲಿಟ್-1 ಮತ್ತು ಪಿಎಲ್‌ಜಿಎಫ್‌ಗಳ ಅನುಪಾತ 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಂದಿನ ಒಂದು ವಾರದಲ್ಲಿ ನಂಜು ಬರುವುದಿಲ್ಲವೆಂದು ನೂರಕ್ಕೆ 99ಕ್ಕೂ ಹೆಚ್ಚು ಭರವಸೆಯಿಂದ ಹೇಳಬಹುದು ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಅನುಮಾನದ ಮೇಲೆ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿಸಿಡುತ್ತಿದ್ದ ಗರ್ಭಿಣಿಯರಲ್ಲಿ ಅನೇಕರನ್ನು ಮನೆಗೆ ಕಳುಹಿಸಲು ಇದರಿಂದ ಸಾಧ್ಯವಾಗಿದೆ. ಆದರೆ ನಂಜನ್ನು ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ, ಜರಾಯು ಹೊರಬರುವುದೊಂದೇ ದಾರಿ. ಪ್ರಯೋಗಾಲಯದ ಸುದ್ದಿಗಳನ್ನು ಓದುವಾಗ ಈ ಅಂತರವನ್ನು ಮರೆಯದಿರಿ.

ರೋಗನಿರೋಧಕ ಶಕ್ತಿಯ ವಿಷಯದಲ್ಲೂ ಇಂಥದ್ದೇ ಕೊಡುಕೊಳೆ ನಡೆದಿದೆ. ಟ್ರೋಫೋಬ್ಲಾಸ್ಟ್ ಕೋಶಗಳ ಮೇಲೆ ಪಿಡಿ-ಎಲ್1 ಎಂಬ ಪ್ರೋಟೀನ್ ದಟ್ಟವಾಗಿದೆ. ಅದು ದಾಳಿಗೆ ಬಂದ ತಾಯಿಯ ಬಿಳಿ ರಕ್ತಕಣಗಳಿಗೆ 'ಬಿಟ್ಟುಬಿಡು' ಎಂದು ಸನ್ನೆ ಮಾಡುತ್ತದೆ. ಹಲವು ಕ್ಯಾನ್ಸರ್‌ಗಳೂ ಇದೇ ಸನ್ನೆಯನ್ನು ಕದ್ದು ಬಳಸುತ್ತವೆ. ಆ ಸನ್ನೆಯನ್ನು ತಡೆಯುವ ಔಷಧಗಳು ಕ್ಯಾನ್ಸರ್ ಚಿಕಿತ್ಸೆಗೆ ಬಂದ ಮೇಲೆ, ಅವುಗಳನ್ನು ಜರಾಯುವಿನ ಕ್ಯಾನ್ಸರಿಗೇ ಬಳಸಿದರೇನು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಫ್ರಾನ್ಸಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ, ಮೆಥೊಟ್ರೆಕ್ಸೇಟ್‌ನಂಥ ಒಂಟಿ ಔಷಧಕ್ಕೆ ಜಗ್ಗದ 15 ಮಹಿಳೆಯರಿಗೆ ಅಂಥ ಔಷಧಗಳಲ್ಲಿ ಒಂದಾದ ಅವೆಲುಮ್ಯಾಬ್ ಕೊಟ್ಟಾಗ 8 ಮಂದಿಯಲ್ಲಿ ಎಚ್‌ಸಿಜಿ ಸಹಜಕ್ಕೆ ಬಂತು. ಅವರಲ್ಲಿ ಒಬ್ಬರು ಮುಂದೆ ಗರ್ಭ ಧರಿಸಿ ಆರೋಗ್ಯವಂತ ಮಗುವನ್ನೂ ಪಡೆದರು. 15 ಎಂಬುದು ಬಹಳ ಸಣ್ಣ ಸಂಖ್ಯೆ, ಇದು ಮೊದಲ ಚಿಕಿತ್ಸೆಯಾಗಿ ಬಳಕೆಯಲ್ಲಿಲ್ಲ. ಗರ್ಭ ತಾಯಿಯ ಕಣ್ಣು ತಪ್ಪಿಸುವ ಉಪಾಯವನ್ನು ಅರಿತದ್ದರಿಂದಲೇ ಈ ಬಾಗಿಲು ತೆರೆಯಿತು ಎಂಬುದಷ್ಟೇ ನಾನು ಹೇಳಹೊರಟದ್ದು.

ಕೋಶ ಎಷ್ಟು ಆಕ್ರಮಣಕಾರಿ ಎಂಬುದರ ಮೇಲಷ್ಟೇ ಎಲ್ಲವೂ ನಿಂತಿಲ್ಲ, ಅದು ಬಿದ್ದ ನೆಲ ಹೇಗಿದೆ ಎಂಬುದೂ ಮುಖ್ಯ. ಕ್ಯಾನ್ಸರ್ ಹರಡುವಿಕೆಯನ್ನು ಬೀಜ ಮತ್ತು ಮಣ್ಣಿಗೆ ಹೋಲಿಸಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಬರೆದಿದ್ದರು. ಅದೇ ಮಾತು ಜರಾಯುವಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಗರ್ಭಕೋಶದ ಒಳಪದರ ಗರ್ಭಕ್ಕೆ ಸಜ್ಜಾಗುವಾಗ ಬರೀ ಮೆತ್ತನೆಯ ಹಾಸಿಗೆಯಾಗುವುದಿಲ್ಲ, ಟ್ರೋಫೋಬ್ಲಾಸ್ಟನ್ನು ಮಿತಿಯಲ್ಲಿಡುವ ಬೇಲಿಯೂ ಆಗುತ್ತದೆ. ಹಿಂದಿನ ಸಿಸೇರಿಯನ್‌ನ ಗಾಯದ ಕಲೆಯ ಮೇಲೆ ಈ ಪದರ ಸರಿಯಾಗಿ ಬೆಳೆಯದು. ಅಲ್ಲಿ ಜರಾಯು ಕಚ್ಚಿಕೊಂಡರೆ ಬೇಲಿಯಿಲ್ಲದೆ ಆಳಕ್ಕೆ ಇಳಿದು, ಹೆರಿಗೆಯ ನಂತರ ಕಳಚಿಕೊಳ್ಳದೆ, ಪ್ರಾಣಾಪಾಯದ ರಕ್ತಸ್ರಾವಕ್ಕೆ ಕಾರಣವಾಗುತ್ತದೆ. ಇದನ್ನು ಅಕ್ರೀಟಾ ಎನ್ನುತ್ತಾರೆ. ಜರಾಯು ಗರ್ಭಕೋಶದ ಬಾಯಿಗೆ ಅಡ್ಡಲಾಗಿ ಕುಳಿತಿದ್ದಾಗ, ಮೊದಲ ಸಿಸೇರಿಯನ್‌ಗೆ ಒಳಗಾಗುವವರಲ್ಲಿ ಇದರ ಸಂಭವ ನೂರಕ್ಕೆ 3, ಎರಡನೆಯದರಲ್ಲಿ 11, ಮೂರನೆಯದರಲ್ಲಿ 40 ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 2006ರಲ್ಲಿ ತೋರಿಸಿತು. ಬೀಜ ಅದೇ, ಮಣ್ಣು ಬೇರೆ. ಅಂಡನಾಳದಲ್ಲಿ ಗರ್ಭ ಕಟ್ಟಿದಾಗಲೂ ಹೀಗೆಯೇ, ಬೇಲಿಯಿಲ್ಲದ ಅಲ್ಲಿ ಅದು ನಾಳವನ್ನೇ ಒಡೆದುಬಿಡುತ್ತದೆ. ಆ ಸ್ಥಿತಿಗೆ ಕೊಡುವ ಔಷಧವೂ ಅದೇ ಮೆಥೊಟ್ರೆಕ್ಸೇಟ್ ಎಂಬುದು ನಿಮಗೆ ಈಗ ಆಶ್ಚರ್ಯವಾಗಲಾರದು.

ಒಂದು ಬದಿಮಾತು. ಹಸು, ಕುದುರೆಗಳಲ್ಲಿ ಜರಾಯು ಗರ್ಭಕೋಶವನ್ನು ಭೇದಿಸುವುದಿಲ್ಲ, ಮೇಲೆ ಅಂಟಿಕೊಂಡಿರುತ್ತದೆ. ಈ ಪ್ರಾಣಿಗಳಲ್ಲಿ ಮೆಲನೋಮಾದಂಥ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ) ಗಡ್ಡೆಗಳು ಬಂದರೂ ಮನುಷ್ಯರಲ್ಲಿ ಹರಡುವಷ್ಟು ಹರಡುವುದಿಲ್ಲ. ಜರಾಯುವನ್ನು ತಡೆಯಲು ಗರ್ಭಕೋಶದ ಅಂಗಾಂಶ ಕಲಿತ ವಿದ್ಯೆ ಇಡೀ ದೇಹಕ್ಕೆ ಬಂದಿರಬಹುದೇ ಎಂದು ಕೆಲವು ಜೀವವಿಕಾಸ ವಿಜ್ಞಾನಿಗಳು ವಾದಿಸುತ್ತಾರೆ. ಚೆಂದದ ವಾದ, ಇನ್ನೂ ವಾದವೇ.

ಇನ್ನು ಜರಾಯುವಿನ ವಂಶವಾಹಿಗಳು. ಕೇಂಬ್ರಿಜ್‌ನ ಸಂಶೋಧಕರು 2021ರಲ್ಲಿ ಸಹಜ ಜರಾಯುಗಳಿಂದ ತುಣುಕುಗಳನ್ನು ತೆಗೆದು ಪರೀಕ್ಷಿಸಿದಾಗ ಒಂದೊಂದು ತುಣುಕೂ ಬೇರೆ ಬೇರೆ ಮೂಲಕೋಶದಿಂದ ಬೆಳೆದಿದ್ದು, ಮಕ್ಕಳ ಕೆಲವು ಕ್ಯಾನ್ಸರ್‌ಗಳಲ್ಲಿ ಕಾಣುವಂಥ ರೂಪಾಂತರಗಳನ್ನು ಹೊತ್ತಿದ್ದವು. ಕೆಲವೇ ತಿಂಗಳು ಬಾಳುವ ಅಂಗವಾದ್ದರಿಂದ ದೇಹ ಅದರ ತಪ್ಪುಗಳನ್ನು ತಿದ್ದಲು ಹೆಚ್ಚು ಶ್ರಮ ಪಡದಿರಬಹುದು ಎಂದು ಊಹಿಸಲಾಗಿದೆ. ಜರಾಯುವಿನ ಡಿಎನ್‌ಎ ತುಣುಕುಗಳು ತಾಯಿಯ ರಕ್ತದಲ್ಲಿ ತೇಲುತ್ತವೆ. ಮಗುವಿನ ವರ್ಣತಂತುಗಳ ದೋಷವನ್ನು ಹುಡುಕುವ ಎನ್‌ಐಪಿಟಿ ಎಂಬ ರಕ್ತಪರೀಕ್ಷೆ ಅವುಗಳನ್ನೇ ಓದುತ್ತದೆ. ತಾಯಿಯಲ್ಲಿ ಗಡ್ಡೆಯಿದ್ದರೆ ಅದರ ಡಿಎನ್‌ಎಯೂ ಅದೇ ರಕ್ತದಲ್ಲಿ ತೇಲುತ್ತಿರುತ್ತದೆ. ಕೆಲವೊಮ್ಮೆ ಆ ಪರೀಕ್ಷೆಯಲ್ಲಿ ಯಾವ ಮಗುವಿಗೂ ಹೊಂದದ ಅಸ್ತವ್ಯಸ್ತ ಫಲಿತಾಂಶ ಬರುತ್ತದೆ, ಮಗು ಮಾತ್ರ ಆರೋಗ್ಯವಾಗಿರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಂಶೋಧಕರು ಇಂಥ 107 ಮಹಿಳೆಯರನ್ನು ಪೂರ್ಣವಾಗಿ ತಪಾಸಣೆ ಮಾಡಿದಾಗ 52 ಮಂದಿಯಲ್ಲಿ ಅದುವರೆಗೆ ಗೊತ್ತೇ ಇರದ ಕ್ಯಾನ್ಸರ್ ಪತ್ತೆಯಾಯಿತು. ಇದು 2024ರಲ್ಲಿ ಪ್ರಕಟವಾಯಿತು. ಇದನ್ನು ಓದಿ ಹೆದರಬೇಡಿ. ಇಂಥ ಫಲಿತಾಂಶ ಬರುವುದೇ ಬಹಳ ಅಪರೂಪ. ಬಂದಾಗ 'ಪರೀಕ್ಷೆ ಕೆಟ್ಟಿದೆ' ಎಂದು ತಳ್ಳಿಹಾಕಬಾರದು ಎಂಬುದೇ ಅದರ ತಾತ್ಪರ್ಯ.

ನಿಮ್ಮ ಅಕ್ಕನ ವಿಷಯ ಬೇರೆಯೇ. ಅಲ್ಲಿ ಜರಾಯುವಿನ ಪಾತ್ರವಿಲ್ಲ. ಗರ್ಭಕಂಠವು ಗರ್ಭಕೋಶದ ಬಾಗಿಲು, ಒಂಬತ್ತು ತಿಂಗಳು ಭಾರವನ್ನು ತಡೆದು ಮುಚ್ಚಿಕೊಂಡಿರುವುದು ಅದರ ಕೆಲಸ. ಎಚ್‌ಪಿವಿ ವೈರಾಣುವಿನಿಂದ ಅಲ್ಲಿ ಕೋಶಗಳು ಕೆಟ್ಟಾಗ, ಅವು ಕ್ಯಾನ್ಸರ್ ಆಗುವ ಮೊದಲೇ ವಿದ್ಯುತ್ ತಂತಿಯ ಕುಣಿಕೆಯಿಂದ ಆ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಕ್ಯಾನ್ಸರನ್ನು ತಡೆಯುವ ಉತ್ತಮ ಚಿಕಿತ್ಸೆ ಅದು. ಆದರೆ ಬಾಗಿಲಿನ ಒಂದಿಷ್ಟು ಭಾಗ ಹೋಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಇಂಥ ಚಿಕಿತ್ಸೆಯಾದವರಲ್ಲಿ 37 ವಾರಕ್ಕೆ ಮುಂಚಿನ ಹೆರಿಗೆ ನೂರಕ್ಕೆ 10.7 ಇದ್ದರೆ ಆಗದವರಲ್ಲಿ 5.4 ಇತ್ತು. ಎಷ್ಟು ಆಳವಾಗಿ ಕತ್ತರಿಸಿದ್ದಾರೆ ಎಂಬುದರ ಮೇಲೆ ಅಪಾಯ ಏರುತ್ತದೆ, 10 ಮಿಲಿಮೀಟರಿಗಿಂತ ಆಳವಾದಾಗ ಮತ್ತಷ್ಟು. ಚಿಕಿತ್ಸೆಯೊಂದೇ ಕಾರಣವಲ್ಲ, ಕೋಶಗಳು ಕೆಟ್ಟಿದ್ದರೂ ಚಿಕಿತ್ಸೆಯಾಗದವರಲ್ಲೂ ಅವಧಿಪೂರ್ವ ಹೆರಿಗೆ ಸ್ವಲ್ಪ ಹೆಚ್ಚೇ ಇತ್ತು. ನಿಮ್ಮ ಅಕ್ಕನವರಿಗೆ ಇದರಿಂದಲೇ ಹಾಗಾಯಿತೆಂದು ಒಬ್ಬರನ್ನು ನೋಡಿ ಹೇಳಲಾಗದು. ಅವರು ಮತ್ತೆ ಗರ್ಭಿಣಿಯಾದರೆ ಹಳೆಯ ಚಿಕಿತ್ಸೆಯ ವರದಿಯನ್ನು, ಅದರಲ್ಲೂ ಕತ್ತರಿಸಿದ ಆಳವನ್ನು, ವೈದ್ಯರಿಗೆ ತೋರಿಸಬೇಕು. 16ರಿಂದ 24 ವಾರಗಳ ನಡುವೆ ಸ್ಕ್ಯಾನ್‌ನಲ್ಲಿ ಗರ್ಭಕಂಠದ ಉದ್ದ ಅಳೆಯುತ್ತಾ, ಅದು ಕುಗ್ಗಿದರೆ ಪ್ರೊಜೆಸ್ಟರಾನ್ ಕೊಡುವುದೋ ಹೊಲಿಗೆ ಹಾಕುವುದೋ ಎಂದು ನಿರ್ಧರಿಸುತ್ತಾರೆ.

ಎಚ್‌ಪಿವಿ ಲಸಿಕೆಯನ್ನು ಕ್ಯಾನ್ಸರ್ ಲಸಿಕೆ ಎಂದಷ್ಟೇ ಕರೆಯುವುದು ನನಗೆ ಅರೆಸತ್ಯವೆನಿಸುವುದು ಈ ಕಾರಣಕ್ಕೇ. ಸ್ಕಾಟ್‌ಲೆಂಡ್‌ನಲ್ಲಿ 12 ಅಥವಾ 13ನೇ ವಯಸ್ಸಿನಲ್ಲಿ ಲಸಿಕೆ ಪಡೆದ ಹೆಣ್ಣುಮಕ್ಕಳಲ್ಲಿ ಗರ್ಭಕಂಠದ ಕ್ಯಾನ್ಸರಿನ ಒಂದು ಪ್ರಕರಣವೂ ಕಾಣಲಿಲ್ಲವೆಂದು 2024ರಲ್ಲಿ ವರದಿಯಾಯಿತು. ಕೋಶಗಳೇ ಕೆಡದಿದ್ದರೆ ಕತ್ತರಿಸುವ ಪ್ರಸಂಗವೂ ಬರದು, ಅದರಿಂದಾಗುವ ಅವಧಿಪೂರ್ವ ಹೆರಿಗೆಯೂ ತಪ್ಪುತ್ತದೆ.

ಕೊನೆಯದಾಗಿ ನಿಮ್ಮ ಮುಂದಿನ ಗರ್ಭ. ಎಚ್‌ಸಿಜಿ ಪರೀಕ್ಷೆಗಳ ಅವಧಿ ಮುಗಿಯುವವರೆಗೆ ಗರ್ಭ ಧರಿಸಬಾರದು. ಹೊಸ ಗರ್ಭವೂ ಎಚ್‌ಸಿಜಿಯನ್ನು ಏರಿಸುವುದರಿಂದ ಅಳತೆಗೋಲು ಕೈತಪ್ಪಿಹೋಗುತ್ತದೆ ಎಂಬುದೇ ಇದಕ್ಕೆ ಕಾರಣ. ಗರ್ಭನಿರೋಧಕ ಮಾತ್ರೆಗಳನ್ನು ಬಳಸಬಹುದು, ಅವುಗಳಿಂದ ಕಾಯಿಲೆ ಹೆಚ್ಚುವುದಿಲ್ಲ. ಕಾಪರ್-ಟಿಯಂಥ ಸಾಧನವನ್ನು ಎಚ್‌ಸಿಜಿ ಸಹಜಕ್ಕೆ ಬರುವ ಮೊದಲು ಹಾಕಿಸಿಕೊಳ್ಳಬೇಡಿ, ಮೆತ್ತಗಾಗಿರುವ ಗರ್ಭಕೋಶ ತೂತಾಗುವ ಅಪಾಯವಿದೆ. ಕೀಮೋಥೆರಪಿ ಬೇಕಾದರೆ ಅದು ಮುಗಿದ ಮೇಲೆ ಒಂದು ವರ್ಷ ಕಾಯಲು ಹೇಳುತ್ತಾರೆ.

ಮತ್ತೊಮ್ಮೆ ಮೋಲ್ ಆಗುವ ಸಂಭವ ನೂರಕ್ಕೆ ಸುಮಾರು 1, ಉಳಿದ 99 ಸಲ ಆಗುವುದಿಲ್ಲ. ಎರಡು ಅಥವಾ ಹೆಚ್ಚು ಸಲ ಆದವರಲ್ಲಿ ಮಾತ್ರ ತಾಯಿಯ ಎನ್‌ಎಲ್‌ಆರ್‌ಪಿ7 ಎಂಬ ವಂಶವಾಹಿಯ ದೋಷವನ್ನು ಹುಡುಕುತ್ತಾರೆ, ನಿಮಗೆ ಈಗ ಅದರ ಅಗತ್ಯವಿಲ್ಲ. ನಂಜಿನ ವಿಷಯದಲ್ಲಿ, ಮೋಲ್ ಆದವರ ಮುಂದಿನ ಗರ್ಭಗಳನ್ನು ದೀರ್ಘಕಾಲ ಗಮನಿಸಿದ ಕೇಂದ್ರಗಳ ಅನುಭವದಂತೆ ಅವು ಬಹುಮಟ್ಟಿಗೆ ಇತರರ ಗರ್ಭಗಳಂತೆಯೇ ಸಾಗುತ್ತವೆ. ಆದ್ದರಿಂದ ಮೋಲ್ ಆಗಿತ್ತೆಂಬ ಒಂದೇ ಕಾರಣಕ್ಕೆ, ನಂಜನ್ನು ತಡೆಯಲು ಕೊಡುವ ಆಸ್ಪಿರಿನ್ ಬೇಕಾಗಿಲ್ಲ. ಮೊದಲೇ ರಕ್ತದೊತ್ತಡ, ಮಧುಮೇಹ, ಮೂತ್ರಪಿಂಡದ ತೊಂದರೆ ಮುಂತಾದ ಅಪಾಯಗಳು ಇದ್ದವರಿಗೆ ಅದರಿಂದ ಲಾಭವಿದೆ. ಅಪಾಯ ಹೆಚ್ಚೆಂದು ಗುರುತಿಸಿದ ಗರ್ಭಿಣಿಯರಿಗೆ 11ರಿಂದ 14 ವಾರಗಳ ನಡುವೆ ಆರಂಭಿಸಿ 36 ವಾರಗಳವರೆಗೆ ರಾತ್ರಿ 150 ಮಿಲಿಗ್ರಾಂ ಕೊಟ್ಟಾಗ, 37 ವಾರಕ್ಕೆ ಮುಂಚೆಯೇ ಹೆರಿಗೆ ಮಾಡಿಸಬೇಕಾಗುವಂಥ ನಂಜು ನೂರಕ್ಕೆ 4.3ರಿಂದ 1.6ಕ್ಕೆ ಇಳಿಯಿತೆಂದು 2017ರ ಆಸ್ಪ್ರೆ ಪ್ರಯೋಗ ತೋರಿಸಿತು. ನೀವು ಆ ಗುಂಪಿಗೆ ಸೇರುತ್ತೀರೋ ಇಲ್ಲವೋ ಎಂಬುದನ್ನು ಮೊದಲ ಭೇಟಿಯಲ್ಲೇ ನಿಮ್ಮ ವೈದ್ಯರಲ್ಲಿ ಕೇಳಿ, ಸ್ವಂತ ನಿರ್ಧಾರದಿಂದ ಆರಂಭಿಸಬೇಡಿ.

ಗರ್ಭ ನಿಂತಿತೆಂದು ತಿಳಿದ ಕೂಡಲೇ, ಆರರಿಂದ ಎಂಟು ವಾರಗಳ ಹೊತ್ತಿಗೆ, ಒಂದು ಸ್ಕ್ಯಾನ್ ಮಾಡಿಸಿ. ಮಗುವಿನ ಎದೆಬಡಿತ ಕಂಡರೆ ಮೋಲ್‌ನ ಮಾತು ಬಹುತೇಕ ಅಲ್ಲಿಗೆ ಮುಗಿದಂತೆ, ಆಮೇಲೆ ನಿಮ್ಮನ್ನು ಎಲ್ಲ ಗರ್ಭಿಣಿಯರಂತೆಯೇ ನೋಡಿಕೊಳ್ಳಬಹುದು. ಹೆರಿಗೆಯಾಗಲಿ ಗರ್ಭಪಾತವಾಗಲಿ, ಅದಾದ ಆರು ವಾರಕ್ಕೆ ಮತ್ತೊಂದು ಎಚ್‌ಸಿಜಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಈಗಿನ ಬಯಾಪ್ಸಿ ವರದಿಯ ಪ್ರತಿಯನ್ನೂ ವಾರವಾರದ ಎಚ್‌ಸಿಜಿ ಅಂಕಿಗಳನ್ನೂ ಒಂದೇ ಕಡೆ ಜೋಪಾನವಾಗಿಟ್ಟುಕೊಳ್ಳಿ, ಬೇರೆ ವೈದ್ಯರ ಬಳಿಗೆ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಅವನ್ನೇ.